ತಲೆಗೆ ಪೆಟ್ಟು: ಚೇತರಿಕೆಯನ್ನು ಅಳೆಯುವ ಬಗೆ
ತೊಪ್ಪೂರು ಘಾಟಿಯಂಥ ಕಡೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಧರ್ಮಪುರಿ, ಸೇಲಂ ಆಸ್ಪತ್ರೆಗಳಿಗೆ ತಂದಾಗ ವೈದ್ಯರು ನೋಡುವುದರಲ್ಲಿ ಒಂದು ಗ್ಲಾಸ್ಗೋ ಕೋಮಾ ಮಾಪಕದ ಅಂಕ. 1974ರಲ್ಲಿ ಬಂದ ಈ ಮಾಪಕ ಕಣ್ಣು ತೆರೆಯುವುದು, ಮಾತು, ಕೈಕಾಲು ಆಡಿಸುವುದು ಇವಕ್ಕೆ ಒಟ್ಟು 3ರಿಂದ 15 ಅಂಕ ಕೊಡುತ್ತದೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪೆಟ್ಟು ತೀವ್ರ.

15 ಬಂದರೂ ಪೂರ್ತಿ ಗುಣವಾಯಿತೆಂದಲ್ಲ. ಮುಂದಿನ ಪ್ರಗತಿಗೆ 1965ರ ಬಾರ್ಥೆಲ್ ಸೂಚ್ಯಂಕವಿದೆ: ಊಟ, ಸ್ನಾನ, ಶೌಚ, ನಡಿಗೆ ಸೇರಿ 10 ಕೆಲಸಗಳಿಗೆ 100 ಅಂಕ. ಮರೆವು, ಸಿಡುಕು ಇದರಲ್ಲಿ ಸಿಗುವುದಿಲ್ಲ. ಅವಕ್ಕೆ ಬೇರೆ ಪರೀಕ್ಷೆಗಳಿವೆ.

ರೋಗಿಯ ಮನೆಮಾತು ಕನ್ನಡವಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ತಮಿಳಿನ ಪ್ರಶ್ನೆ ಅರ್ಥವಾಗದೆ ಸುಮ್ಮನಿದ್ದರೆ ಅಂಕ ತಪ್ಪಾಗಿ ಇಳಿಯಬಹುದು. ಪ್ರತಿ ಬಾರಿಯ ಅಂಕ, ದಿನಾಂಕ ಬರೆದಿಟ್ಟುಕೊಂಡು, ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರೂ ತೋರಿಸಬೇಕು.