ರೋಮನ್ ಸೈನಿಕನ ಅಂಗಿಗೆ ಯಾವ ಬಣ್ಣ?

ಸಿನಿಮಾದ ರೋಮನ್ ಸೈನ್ಯಕ್ಕೆ ಒಂದೇ ಬಣ್ಣ, ಕಡುಗೆಂಪು. ಆಸ್ಟೆರಿಕ್ಸ್ ಕಾಮಿಕ್ಸಿನಲ್ಲಿ ಅದು ಹಸಿರು. 54 ಮಿ.ಮೀ. ಎತ್ತರದ ಲೋಹದ ಸೈನಿಕರನ್ನೋ 28 ಮಿ.ಮೀ. ಗೊಂಬೆಗಳನ್ನೋ ಸಂಗ್ರಹಿಸಿ ತಾವೇ ಬಣ್ಣ ಹಚ್ಚುವ ಹವ್ಯಾಸಿಗಳು ಹೆಚ್ಚಾಗಿ ಎತ್ತಿಕೊಳ್ಳುವುದು ಸಿನಿಮಾದ ಕೆಂಪನ್ನೇ. ಆದರೆ ಇಡೀ ಸೈನ್ಯಕ್ಕೆ ಇಂಥದೇ ಬಣ್ಣದ ಅಂಗಿ ಎಂದು ವಿಧಿಸುವ ರೋಮನ್ ಆಜ್ಞೆ ಯಾವುದೂ ನಮಗೆ ಸಿಕ್ಕಿಲ್ಲ. ರೋಮ್ ನಗರದ ಟ್ರಾಜನ್ ಸ್ತಂಭದಂಥ ಶಿಲ್ಪಗಳಲ್ಲಿ ಉಡುಪಿನ ಮಡಿಕೆ ಉಳಿದಿದೆ, ಬಣ್ಣ ಉಳಿದಿಲ್ಲ. ಚದುರಿಹೋದ ಸುಳಿವುಗಳನ್ನು ಕೂಡಿಸಿದರೆ ತಕ್ಕಡಿ ಬಿಳಿಯ ಕಡೆಗೇ ವಾಲುತ್ತದೆ.

ಬಿಳಿಗೆ ಇರುವ ಆಧಾರ

ಎಲ್ಲಕ್ಕಿಂತ ಗಟ್ಟಿಯಾದದ್ದು ಈಜಿಪ್ಟಿನ ಫಿಲಡೆಲ್ಫಿಯಾದಲ್ಲಿ ದೊರೆತ ಒಂದು ಪಪೈರಸ್ ಪತ್ರ. ಕ್ರಿ.ಶ. 138ರದು. ಕಪಡೋಕಿಯಾದಲ್ಲಿದ್ದ (ಇಂದಿನ ಟರ್ಕಿ) ಸೈನ್ಯಕ್ಕಾಗಿ ಫಿಲಡೆಲ್ಫಿಯಾದ ನೇಕಾರರಿಗೆ ಕೊಟ್ಟ ಸರಕಾರಿ ಬೇಡಿಕೆ ಅದು. ನಡುಕಟ್ಟಿನ ಒಂದು ಬಿಳಿ ಅಂಗಿ (ಟ್ಯೂನಿಕ್), ಮೂರೂವರೆ ಮೊಳ ಉದ್ದ, ಮೂರು ಮೊಳ ನಾಲ್ಕು ಬೆರಳು ಅಗಲ, ಬೆಲೆ 24 ದ್ರಾಖ್ಮ. ಜೊತೆಗೆ ನಾಲ್ಕು ಬಿಳಿ ಸಿರಿಯನ್ ಹೊದಿಕೆಗಳು. ಉಣ್ಣೆ ಮೃದುವಾಗಿರಬೇಕು, ಬೆಳ್ಳಗಿರಬೇಕು, ಕೊಳೆ ಇರಬಾರದು ಎಂಬ ಷರತ್ತೂ ಇದೆ. ಇದು ಕವಿಯ ವರ್ಣನೆಯಲ್ಲ, ಗುತ್ತಿಗೆಯ ಕಾಗದ. ಹಾಗಾಗಿ ನಾನು ಇದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಈಜಿಪ್ಟಿನ ಫಯೂಮ್ ಪ್ರದೇಶದ ಮಮ್ಮಿಗಳ ಮೇಲಿನ ಭಾವಚಿತ್ರಗಳಲ್ಲೂ ಬಿಳಿ ಅಂಗಿಯ ಸೈನಿಕರಿದ್ದಾರೆ. ಎದೆಗೆ ಅಡ್ಡಲಾಗಿ ಕೆಂಪು ಖಡ್ಗಪಟ್ಟಿ, ಹೆಗಲ ಮೇಲೆ ನೀಲಿ ಹೊದಿಕೆ. ಬಣ್ಣ ಹಚ್ಚುವವರಿಗೆ ಇದಕ್ಕಿಂತ ಸೊಗಸಾದ ಮಾದರಿ ಸಿಗಲಾರದು.

ಕೆಂಪಿಗೆ ಇರುವ ಆಧಾರ

ಕೆಂಪು ಸಿನಿಮಾದವರು ಹುಟ್ಟಿಸಿದ್ದಲ್ಲ. ಗಣರಾಜ್ಯದ ಕಾಲದ ಸೈನಿಕರು ಕೆಂಪು ತೊಡುತ್ತಿದ್ದರೆಂದು ಸೆವಿಲ್ಲಿನ ಬಿಷಪ್ ಇಸಿಡೋರ್ ಬರೆದಿದ್ದಾನೆ. ಆದರೆ ಅವನು 7ನೇ ಶತಮಾನದವನು. ಗಣರಾಜ್ಯ ಮುಗಿದು ಆಗಲೇ ಆರು ಶತಮಾನ ದಾಟಿತ್ತು. ‘ಹಿಸ್ಟೋರಿಯಾ ಆಗಸ್ಟಾ’ ಎಂಬ ಚಕ್ರವರ್ತಿಗಳ ಚರಿತ್ರೆಯಲ್ಲಿ ಬರುವ ಪತ್ರವೊಂದು ಕೆಂಪು ಸೈನಿಕ ಅಂಗಿಗಳನ್ನು ಹೆಸರಿಸುತ್ತದೆ. ಆ ಗ್ರಂಥ ಕಟ್ಟುಕತೆಯ ಪತ್ರಗಳಿಗೇ ಹೆಸರುವಾಸಿ.

ಹೆಚ್ಚು ನಂಬಬಹುದಾದವನು 1ನೇ ಶತಮಾನದ ಕವಿ ಮಾರ್ಷಿಯಲ್. ದಕ್ಷಿಣ ಇಟಲಿಯ ಕನೂಸಿಯಮ್ ಊರಿನ ಕೆಂಪು ಉಣ್ಣೆಬಟ್ಟೆ ಸೈನಿಕರಿಗೆ ಅಚ್ಚುಮೆಚ್ಚು ಎನ್ನುತ್ತಾನೆ. ಅದೇ ಊರಿನ ಕುರಿಗಳ ಉಣ್ಣೆ ಹುಟ್ಟಾ ಕಂದುಹಳದಿ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾರ್ಷಿಯಲ್ಲನ ‘ಕೆಂಪು’ ನಮ್ಮ ಕುಂಕುಮಕ್ಕಿಂತ ಹಳೆಯ ಹಂಚಿಗೆ ಹತ್ತಿರವಿದ್ದೀತು.

ತುಕಡಿಯ ನಾಯಕರಾದ ಸೆಂಚುರಿಯನ್ನರಿಗೆ ಕೆಂಪು, ಸಾಮಾನ್ಯ ಸೈನಿಕರಿಗೆ ಬಿಳಿ ಎಂಬ ವಾದವೂ ಚಾಲ್ತಿಯಲ್ಲಿದೆ. ಗೊಂಬೆಗಳ ಸಾಲಿನಲ್ಲಿ ಅದು ಚೆಂದ ಕಾಣುತ್ತದೆ, ನಿಜ. ಆದರೆ ಕ್ರಿ.ಶ. 69ರಲ್ಲಿ ಚಕ್ರವರ್ತಿ ವಿಟೆಲಿಯಸ್ ರೋಮ್ ಪ್ರವೇಶಿಸಿದಾಗ ಹದ್ದಿನ ಲಾಂಛನದ ಮುಂದೆ ನಡೆದ ಟ್ರಿಬ್ಯೂನರೆಂಬ ಸೇನಾಧಿಕಾರಿಗಳೂ ಹಿರಿಯ ಸೆಂಚುರಿಯನ್ನರೂ ಬಿಳಿ ಉಟ್ಟಿದ್ದರು ಎಂದು ಇತಿಹಾಸಕಾರ ಟಾಸಿಟಸ್ ಹೇಳುತ್ತಾನೆ. ಮೆರವಣಿಗೆಯ ದೃಶ್ಯ ಮಾಡುವವರಿಗೆ ಇದು ನೇರ ಸೂಚನೆ.

ಬಣ್ಣ ಮತ್ತು ಬೆಲೆ

ಅಂಗಿಯ ದುಡ್ಡು ಸೈನಿಕನ ಸಂಬಳದಿಂದಲೇ ಕಡಿತವಾಗುತ್ತಿತ್ತು. ಕ್ರಿ.ಶ. 81ರ ಒಂದು ಪಪೈರಸ್ ಲೆಕ್ಕಪತ್ರದಲ್ಲಿ ಬಟ್ಟೆಯ ಬಾಬತ್ತು ಎದ್ದು ಕಾಣುತ್ತದೆ. ಹೀಗಿರುವಾಗ ಬಣ್ಣ ಅಗ್ಗವಾಗಿರಲೇಬೇಕು. ಬಣ್ಣವನ್ನೇ ಹಾಕದ ಉಣ್ಣೆ ಎಲ್ಲಕ್ಕಿಂತ ಅಗ್ಗ: ಕೆನೆ, ಬೂದು, ಕಂದು, ಕಪ್ಪು, ಕುರಿ ಯಾವ ಬಣ್ಣದ್ದೋ ಅಂಗಿಯೂ ಅದೇ ಬಣ್ಣದ್ದು. ಬಣ್ಣ ಹಾಕುವುದಾದರೆ ಕೈಗೆಟುಕುತ್ತಿದ್ದದ್ದು ಮ್ಯಾಡರ್ ಬೇರು. ಇದು ನಮ್ಮ ಮಂಜಿಷ್ಠದ ಹತ್ತಿರದ ನಂಟು, ಎರಡೂ ರೂಬಿಯಾ ಕುಲದವು. ಪಟಿಕದ ಜೊತೆ ಬೇಯಿಸಿದರೆ ಇಟ್ಟಿಗೆಗೆಂಪು ಬರುತ್ತದೆ. ಒಮ್ಮೆ ಬಳಸಿದ ಬಣ್ಣದ ನೀರಿಗೇ ಮತ್ತೆ ಬಟ್ಟೆ ಅದ್ದಿದರೆ ಕಿತ್ತಳೆ, ಆಮೇಲೆ ತಿಳಿಗುಲಾಬಿ.

ಸಮುದ್ರದ ಮ್ಯೂರೆಕ್ಸ್ ಬಸವನಹುಳುವಿನಿಂದ ತೆಗೆಯುತ್ತಿದ್ದ ಅಸಲಿ ನೇರಳೆಯ ಮಾತೇ ಬೇರೆ. ಚಕ್ರವರ್ತಿ ಡಯೊಕ್ಲೀಷಿಯನ್ ಹೊರಡಿಸಿದ ಕ್ರಿ.ಶ. 301ರ ಬೆಲೆಪಟ್ಟಿಯಲ್ಲಿ ಒಂದು ಪೌಂಡ್ ನೇರಳೆ ಉಣ್ಣೆಗೆ 50,000 ಡಿನಾರಿ. ಹೊಲದ ಕೂಲಿಯವನಿಗೆ ಊಟದ ಜೊತೆ ದಿನಕ್ಕೆ 25. ಸಾಮಾನ್ಯ ಸೈನಿಕನಿಗೆ ಅಪ್ಪಟ ನೇರಳೆ ಅಂಗಿ ತೊಡಿಸಿದ ಗೊಂಬೆ ಕಂಡರೆ ನಗು ಬರುವುದು ಇದಕ್ಕೇ.

ನೀಲಿ ಅಂಗಿಯ ನಾವಿಕರು

ಬ್ರಿಟನ್ನಿನ ಬೇಹುದೋಣಿಗಳ ಹಾಯಿ, ಹಗ್ಗ, ಸಿಬ್ಬಂದಿಯ ಉಡುಪು ಎಲ್ಲಕ್ಕೂ ಕಡಲನೀಲಿ ಹಾಕುತ್ತಿದ್ದರೆಂದು ಯುದ್ಧಕಲೆಯ ಲೇಖಕ ವೆಜಿಟಿಯಸ್ ಹೇಳಿದ್ದಾನೆ. ಶತ್ರುವಿನ ಕಣ್ಣು ತಪ್ಪಿಸಲು ಮಾಡಿದ ಉಪಾಯ ಅದು. ಇಷ್ಟನ್ನೇ ಹಿಡಿದು ಇಡೀ ನೌಕಾಪಡೆಗೆ ನೀಲಿ ಬಳಿಯುವುದು ಅತಿಯಾಯಿತು.

ಗೊಂಬೆಯ ಕಾಲ ಯಾವುದು?

ಬಣ್ಣದ ಡಬ್ಬಿ ತೆರೆಯುವ ಮೊದಲು ಇದು ಗೊತ್ತಿರಬೇಕು. ಮೇಲೆ ಹೇಳಿದ್ದು ಬಹುಮಟ್ಟಿಗೆ ಮೊದಲ ಎರಡು ಶತಮಾನಗಳ ಮಾತು. ಕ್ರಿ.ಶ. 300ರ ಹೊತ್ತಿಗೆ ತುಂಬುತೋಳಿನ, ಹೆಗಲು ಮತ್ತು ಅಂಚಿನಲ್ಲಿ ದುಂಡು ಅಲಂಕಾರಪಟ್ಟಿಗಳಿದ್ದ ಅಂಗಿ ಬಂದಿತ್ತು. ಸಿಸಿಲಿಯ ಪಿಯಾಜಾ ಆರ್ಮೆರೀನದ ಮೊಸಾಯಿಕ್ ನೆಲದಲ್ಲಿ ಇವನ್ನು ಕಾಣಬಹುದು. ಅಲ್ಲಿ ಬಣ್ಣಗಳೂ ಧಾರಾಳ.

ಕುಂಚ ಹಿಡಿದಾಗ

ಡಬ್ಬಿಯ ಅಪ್ಪಟ ಬಿಳಿಯನ್ನು ಅಂಗಿಗೆಲ್ಲ ಬಳಿಯಬೇಡಿ. ಅದು ಮಡಿಕೆಯ ಏಣಿಗೆ ಮಾತ್ರ. ಅಂಗಿಯ ಮೂಲಬಣ್ಣಕ್ಕೆ ಕೆನೆ, ಮಡಿಕೆಯೊಳಗೆ ತಿಳಿಗಂದು ಸಾಕು. ಕೆಂಪಿಗೆ ತುಸು ಕಂದು ಬೆರೆಸಿ, ಹೆಗಲ ಮೇಲೆ ಬಿಸಿಲಿಗೆ ಮಾಸಿದಂತೆ ತಿಳಿಮಾಡಿ. ಉಣ್ಣೆ ಮಿಂಚದು, ಆದ್ದರಿಂದ ಹೊಳಪಿಲ್ಲದ ಬಣ್ಣವೇ ಇರಲಿ.

ರೋಮನ್ನರ ಒಂದು ಡೇರೆಯಲ್ಲಿ ಎಂಟು ಜನ. ಎಂಟು ಗೊಂಬೆಗಳ ಗುಂಪು ನಿಮ್ಮಲ್ಲಿದ್ದರೆ ಐದಾರು ಜನಕ್ಕೆ ಬೇರೆ ಬೇರೆ ಛಾಯೆಯ ಕೆನೆಬಿಳಿ, ಉಳಿದವರಿಗೆ ಮಾಸಿದ ಇಟ್ಟಿಗೆಗೆಂಪು ಹಚ್ಚಿ. ಎಂಟೂ ಜನಕ್ಕೆ ಒಂದೇ ಡಬ್ಬಿಯ ಕಡುಗೆಂಪು ಮಾತ್ರ ಬೇಡ.