ಹಿಡಿತದ ಸಾಕ್ಷ್ಯ: ಟಿಪ್ಪುವಿನ ಜೋಡಿ ಪಿಸ್ತೂಲುಗಳು

ಬಳ್ಳಾರಿ ತಾಲ್ಲೂಕಿನ ಮೋಕದ ಕಡೆಯ ರೈತನು ಕುಡುಗೋಲನ್ನು ಕೊಳ್ಳುವಾಗ ಅಲಗನ್ನು ನೋಡುವುದಕ್ಕೆ ಮೊದಲು ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ಬೀಸಿ ನೋಡುತ್ತಾನೆ. ಕೈಗೆ ಒಗ್ಗದ ಆಯುಧವು ಎಷ್ಟು ಹರಿತವಾಗಿದ್ದರೇನು? ಇತಿಹಾಸದ ಅಧ್ಯಾಪಕರಾದ ನಾವಾದರೋ ಈ ಪರೀಕ್ಷೆಯನ್ನು ಮರೆತೇಬಿಟ್ಟಿದ್ದೇವೆ. ಹಳೆಯ ಪಿಸ್ತೂಲಿನ ಮೇಲಿನ ಚಿನ್ನದ ಕುಸುರಿಯನ್ನೂ ಕೆತ್ತಿದ ಅಕ್ಷರಗಳನ್ನೂ ವರ್ಣಿಸುತ್ತೇವೆ. ಭಾರ ಎಲ್ಲಿ ಬೀಳುತ್ತದೆ, ಹೆಬ್ಬೆರಳು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಬರೆಯುವುದಿಲ್ಲ.

ಬಳ್ಳಾರಿ ಸೀಮೆಯು ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆಯನ್ನು ಕಂಡು, 1792 ಮತ್ತು 1799ರ ಹಂಚಿಕೆಗಳಲ್ಲಿ ನಿಜಾಮನ ಪಾಲಾಗಿ, 1800ರಲ್ಲಿ ಕಂಪನಿಗೆ ಸೇರಿತು. ಇಲ್ಲಿಯ ಪಾಳೆಯಗಾರರ ಕಾಲಾಳುಗಳಿಗೆ ಪರಿಚಿತವಾಗಿದ್ದುದು ಬತ್ತಿಬಂದೂಕು. ಅದಕ್ಕೆ ಉರಿಯುವ ಬತ್ತಿಯೂ ಎರಡು ಕೈಗಳೂ ಬೇಕು. ಕುದುರೆಯ ಲಗಾಮನ್ನು ಹಿಡಿದವನಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಚಕಮಕಿಯ ಪಿಸ್ತೂಲನ್ನು ಮೊದಲೇ ತುಂಬಿಟ್ಟಿದ್ದರೆ ಒಂದೇ ಕೈಯಿಂದ ಹೂಡಿ ಹಾರಿಸಬಹುದು. ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆಳೆದಾಗ ಅರ್ಧ ಹೂಟ, ಪೂರ್ಣ ಹೂಟ ಎಂಬ ಎರಡು ನಿಲುಗಡೆಗಳು ಬೆರಳಿಗೇ ತಿಳಿಯುತ್ತವೆ. ಕತ್ತಲೆಯಲ್ಲಿಯೂ ಸವಾರನಿಗೆ ತನ್ನ ಆಯುಧದ ಸ್ಥಿತಿ ಗೊತ್ತಾಗುತ್ತದೆ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಾಡಿಸಿದ ಪಿಸ್ತೂಲುಗಳು ಈ ದೃಷ್ಟಿಯಿಂದ ಬಹು ಕುತೂಹಲಕರವಾಗಿವೆ. ಹುಲಿಯ ಮುಖ, ಹುಲಿಪಟ್ಟೆ, ಅವನೇ ಬಳಕೆಗೆ ತಂದ ಮೌಲೂದಿ ಶಕೆಯ ವರ್ಷ, ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳು. ಅಷ್ಟಾಗಿ ಚರ್ಚೆಗೆ ಬಾರದುದು ಜೋಡಿಯ ರಚನೆ. ಯುರೋಪಿನ ಜೋಡಿಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ ಚಕಮಕಿಯ ಯಂತ್ರವು ಬಲಗಡೆಗೇ ಇರುತ್ತದೆ. ಟಿಪ್ಪುವಿನ ಜೋಡಿಗಳಲ್ಲಿ ಒಂದಕ್ಕೆ ಬಲಗಡೆ, ಇನ್ನೊಂದಕ್ಕೆ ಎಡಗಡೆ. ಬಲಗಡೆಯ ಯಂತ್ರವುಳ್ಳ ಪಿಸ್ತೂಲನ್ನು ಎಡಗೈಯಲ್ಲಿ ಹಿಡಿದರೆ ಮದ್ದಿನ ಬಟ್ಟಲು ಒಳಮಗ್ಗುಲಿಗೆ ಬಂದು, ಕಿಡಿಯೂ ಹೊಗೆಯೂ ಮೈಯ ಕಡೆಗೆ ಚಿಮ್ಮುತ್ತವೆ. ಎಡಗಡೆಯ ಯಂತ್ರವಾದರೆ ಅವು ಹೊರಕ್ಕೆ ಹೋಗುತ್ತವೆ.

ಇದು ಎರಡು ಕೈಗಳ ಬಳಕೆಯನ್ನು ಬಲ್ಲ ಕಮ್ಮಾರನ ಯೋಚನೆಯೋ, ಜೋಡಿ ಕಣ್ಣಿಗೆ ಅಂದವಾಗಿರಲೆಂಬ ದರ್ಬಾರಿನ ಬಯಕೆಯೋ? ನಾನು ಮೊದಲನೆಯದರ ಕಡೆಗೇ ವಾಲುತ್ತೇನೆ. ಆದರೆ ಇದನ್ನು ನಿರ್ಣಯಿಸಬೇಕಾದದ್ದು ಚಿತ್ರವಲ್ಲ, ಹಿಡಿ. ಎಡಗೈಯ ಪಿಸ್ತೂಲಿನ ಹಿಡಿಯು ಎಡ ಅಂಗೈಗೆ ತಕ್ಕಂತೆ ತಿರುವು ಪಡೆದಿದೆಯೆ, ಕುದುರೆಯು ಎಡ ಹೆಬ್ಬೆರಳಿಗೆ ಸಲೀಸಾಗಿ ಎಟಕುತ್ತದೆಯೆ ಎಂಬುದನ್ನು ಮುಟ್ಟಿಯೇ ಅರಿಯಬೇಕು. 1799ರ ಲೂಟಿಯಲ್ಲಿ ಅನೇಕ ಆಯುಧಗಳು ಕಡಲಾಚೆಯ ಸಂಗ್ರಹಗಳನ್ನು ಸೇರಿದುವು. ಅಲ್ಲಿ ಗಾಜು ಅಡ್ಡವಾಗಿದೆ.

ಕೈಯ ಸಾಕ್ಷ್ಯವನ್ನು ಅತಿಯಾಗಿ ನಂಬುವುದೂ ಸಲ್ಲದು. ಸೀಮೆಸುಣ್ಣ ಹಿಡಿದ ಕೈಗೆ ಭಾರವೆನಿಸಿದ್ದು ಸವಾರನ ಕೈಗೆ ಹಾಗೆ ಅನಿಸಿರಲಾರದು. ಒಳ್ಳೆಯ ಹಿಡಿತವಿದ್ದರೂ ಸವೆದ ಕಲ್ಲಿನಿಂದ ಕಿಡಿ ಹಾರದು. ಆದುದರಿಂದ ಅನಿಸಿಕೆಯ ಜೊತೆಗೆ ಅಳತೆಯೂ ಬೇಕು. ಜಿಲ್ಲೆಯ ಹಳೆಯ ಮನೆತನದಲ್ಲಿ ಪರವಾನಗಿಯುಳ್ಳ ಪುರಾತನ ಆಯುಧವನ್ನು ಕಂಡ ವಿದ್ಯಾರ್ಥಿಯು, ಒಳಗೆ ಮದ್ದಿಲ್ಲವೆಂಬುದನ್ನು ಬಲ್ಲವರಿಂದ ಮೊದಲು ಖಚಿತಪಡಿಸಿಕೊಂಡು, ಅದರ ತೂಕ, ಹಿಡಿಯ ಸುತ್ತಳತೆ, ಬೆರಳಿನ ಮೇಲಿಟ್ಟಾಗ ಸಮತೂಕ ನಿಲ್ಲುವ ಜಾಗ, ಹಿಡಿಯಿಂದ ಕುದುರೆಗಿರುವ ದೂರ ಇವಿಷ್ಟನ್ನು ಗುರುತು ಹಾಕಿಕೊಳ್ಳಲಿ. ಕೆತ್ತನೆಯ ವಿವರ ಆಮೇಲೆ ಬರಲಿ.