ನೆಲ ಮುಟ್ಟುವ ಗಳಿಗೆ

ವಿಮಾನದ ಚರಿತ್ರೆಯನ್ನು ಹೇಳುವವರು ಮನುಷ್ಯನು ಮೇಲಕ್ಕೇರಿದ ದಿನವನ್ನು ಕೊಂಡಾಡುತ್ತಾರೆ. ಅವನು ಕೆಳಗಿಳಿದ ಬಗೆಯನ್ನು ವಿಚಾರಿಸುವವರು ಕಡಮೆ. ಆದರೆ ಏರಿದವನಿಗೆ ಇಳಿಯುವುದೂ ಒಂದು ಪರೀಕ್ಷೆಯೆಂಬುದನ್ನು, ಆ ಪರೀಕ್ಷೆಯಲ್ಲಿ ಗಾಳಿಯ ಚಾಂಚಲ್ಯವೇ ಕಠಿನವಾದ ಪ್ರಶ್ನೆಯೆಂಬುದನ್ನು, ವಿಮಾನವು ತಾನು ಹುಟ್ಟಿದ ದಿನವೇ ತೋರಿಸಿಕೊಟ್ಟಿತು. ಆ ಸಂಗತಿಯನ್ನು ಈ ಹೊತ್ತು ಶ್ರೋತೃಗಳ ಮುಂದೆ ಅರಿಕೆ ಮಾಡುತ್ತೇನೆ.

ಜರ್ಮನಿಯ ಆಟೋ ಲಿಲಿಯೆಂತಾಲನು ಎಂಜಿನಿಲ್ಲದ ರೆಕ್ಕೆಗಳನ್ನು ತೊಟ್ಟು ಗುಡ್ಡಗಳಿಂದ ಸುಮಾರು 2,000 ಸಲ ತೇಲಿ ಇಳಿದವನು. 1896ನೆಯ ಆಗಸ್ಟ್ 9ರಂದು ಗಾಳಿಯ ಬೀಸೊಂದು ಅವನ ರೆಕ್ಕೆಗಳನ್ನು ಮೇಲಕ್ಕೆತ್ತಿ ತಡೆಯಿತು. ವೇಗವುಡುಗಿ, ಸುಮಾರು 50 ಅಡಿ ಎತ್ತರದಿಂದ ಬಿದ್ದು, ಬೆನ್ನೆಲುಬು ಮುರಿದು, ಅವನು ಮಾರನೆಯ ದಿನ ತೀರಿಕೊಂಡನು. ಈ ಮರಣವಾರ್ತೆಯೇ ಅಮೆರಿಕದ ಡೇಟನ್ ನಗರದಲ್ಲಿ ಬೈಸಿಕಲ್ಲುಗಳನ್ನು ಮಾಡಿ ಮಾರುತ್ತಿದ್ದ ರೈಟ್ ಸಹೋದರರ ಮನಸ್ಸನ್ನು ಹಾರಾಟದ ಕಡೆಗೆ ತಿರುಗಿಸಿತು.

1903ನೆಯ ಡಿಸೆಂಬರ್ 17. ಕಿಟಿ ಹಾಕ್ ಎಂಬ ಊರಿನ ಬಳಿಯ ಮರಳುದಿಬ್ಬಗಳಲ್ಲಿ ಗಂಟೆಗೆ 20ರಿಂದ 27 ಮೈಲಿ ವೇಗದ ಚಳಿಗಾಳಿ ಬೀಸುತ್ತಿದ್ದಿತು. ಆರ್ವಿಲ್ ರೈಟನು ಮೊದಲು 12 ಸೆಕೆಂಡು ಹಾರಿದನು. ಮಧ್ಯಾಹ್ನದ ವೇಳೆಗೆ ವಿಲ್ಬರನು ನಾಲ್ಕನೆಯ ಸಲ ಏರಿ, 59 ಸೆಕೆಂಡುಗಳಲ್ಲಿ 852 ಅಡಿ ಕ್ರಮಿಸಿದನು. ಕೊನೆಯಲ್ಲಿ ಯಂತ್ರವು ತಲೆದೂಗಲಾರಂಭಿಸಿ ನೆಲಕ್ಕೆ ತಾಗಿತು. ಮುಂಭಾಗದ ಚುಕ್ಕಾಣಿಯ ಆಧಾರವು ಮುರಿಯಿತು. ಅದನ್ನು ಬಿಡಾರಕ್ಕೆ ಹೊತ್ತುತಂದು ಎಲ್ಲರೂ ಮಾತನಾಡುತ್ತ ನಿಂತಿದ್ದಾಗ, ಒಂದು ಬೀಸು ಬಂದು ಯಂತ್ರವನ್ನು ಮಗುಚಿ ಹಾಕಿತು. ಹಿಡಿದು ನಿಲ್ಲಿಸಹೋದ ಜಾನ್ ಡೇನಿಯಲ್ಸನು ಅದರೊಳಗೆ ಸಿಕ್ಕಿ ಉರುಳಿದನಾದರೂ ತರಚುಗಾಯಗಳೊಂದಿಗೆ ಬದುಕಿಕೊಂಡನು. ಆ ಯಂತ್ರವು ಮತ್ತೆಂದೂ ಹಾರಲಿಲ್ಲ.

ಇದರ ತತ್ತ್ವ ಸರಳವಾದುದು. ರೆಕ್ಕೆಗೆ ನೆಲದ ಲೆಕ್ಕವಿಲ್ಲ. ತನ್ನ ಮೇಲೆ ಹರಿಯುವ ಗಾಳಿಯ ವೇಗವೇ ಅದಕ್ಕೆ ಆಧಾರ. ಗಂಟೆಗೆ 45 ಮೈಲಿಗಿಂತ ಕಡಮೆಯಾದರೆ ಬೀಳುವ ಒಂದು ಸಣ್ಣ ವಿಮಾನವು 50 ಮೈಲಿಯ ವೇಗದಲ್ಲಿ ಇಳಿಯುತ್ತಿದೆಯೆಂದು ಭಾವಿಸಿರಿ. ಎದುರುಗಾಳಿ 15 ಮೈಲಿಯಿಂದ 5ಕ್ಕೆ ಥಟ್ಟನೆ ಇಳಿದರೆ, ರೆಕ್ಕೆಗೆ ಉಳಿಯುವುದು 40 ಮೈಲಿ ಮಾತ್ರ. ಸಾವಿರಾರು ಅಡಿ ಎತ್ತರದಲ್ಲಾದರೆ ಮೂಗನ್ನು ತಗ್ಗಿಸಿ ವೇಗವನ್ನು ಮರಳಿ ಪಡೆಯಬಹುದು. ಹತ್ತು ಅಡಿಯಲ್ಲಿ ಅದಕ್ಕೆ ಎಡೆಯೆಲ್ಲಿ?

ಆದುದರಿಂದ ಇಂದಿನ ವೈಮಾನಿಕರು ಸಾಮಾನ್ಯ ಗಾಳಿಗೂ ಬೀಸಿನ ವೇಗಕ್ಕೂ ಇರುವ ಅಂತರದಲ್ಲಿ ಅರ್ಧವನ್ನು ಇಳಿಯುವ ವೇಗಕ್ಕೆ ಕೂಡಿಸಿಕೊಳ್ಳುತ್ತಾರೆ. ಮಿತಿಮೀರಿ ಕೂಡಿಸಿದರೆ ವಿಮಾನವು ನೆಲ ಹಿಡಿಯದೆ ತೇಲುತ್ತ ಹೋಗಿ ಬಯಲಿನ ಅಂಚನ್ನು ದಾಟೀತು. ಸಂದೇಹ ಬಂದರೆ ಮತ್ತೆ ಮೇಲೇರಿ ಒಂದು ಸುತ್ತು ಬರುವುದು ಹೇಡಿತನವಲ್ಲ, ವಿವೇಕ. ಚಕ್ರಗಳು ನೆಲ ಮುಟ್ಟಿದ ಮೇಲೂ, ಹಗುರವಾದ ವಿಮಾನವನ್ನು ಹಗ್ಗದಿಂದ ಬಿಗಿದು ಕಟ್ಟುವವರೆಗೆ ಹಾರಾಟವು ಮುಗಿದಂತಲ್ಲ.

ಹತ್ತು ವರ್ಷಗಳ ತರುವಾಯ, 1913ರಲ್ಲಿ, ಆರ್ವಿಲನು ಆ ದಿನವನ್ನು ನೆನೆದು, ಪರಿಚಯವಿಲ್ಲದ ಯಂತ್ರದಲ್ಲಿ ಅಂತಹ ಗಾಳಿಗೆ ಮೈಯೊಡ್ಡಿದ ತಮ್ಮ ಸಾಹಸಕ್ಕೆ ತಾನೇ ಬೆರಗಾಗಿ ಬರೆದನು. ಗೆದ್ದವನ ಬಾಯಿಂದ ಬಂದ ಈ ಮಾತು, ಸೋತವರ ನೂರು ಕಥೆಗಳಿಗಿಂತ ಹೆಚ್ಚು ತೂಕವುಳ್ಳದ್ದು.